ಕೆಂಪು ರಟ್ಟಿನ ಲೆಕ್ಕದ ಪುಸ್ತಕ

ಪ್ರೀತಿಯ ಬಾಬಿನ್,

ಹೋದ ಭಾನುವಾರ ಫೋನಿನಲ್ಲಿ ನಿನ್ನ ಮಗಳು ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಮಾಮ, ಮಷೀನು ಬಂದರೆ ಕೆಲಸ ಸುಲಭ ಆಗುತ್ತಲ್ವಾ, ಮತ್ತೆ ಯೂರೋಪಿನಲ್ಲಿ ಜನ ಯಾಕೆ ದಂಗೆ ಎದ್ದರು?" ಅಂದಳು. ನಾಳೆ ಪರೀಕ್ಷೆ, ಪಾಠದಲ್ಲಿ ಇರೋದನ್ನೇ ಬರಿ ಅಂತ ಹೇಳಿ ಫೋನು ಇಟ್ಟುಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಈ ಒಂದು ವಾರ ಆಫೀಸಿನಿಂದ ಬಂದು ಊಟ ಮುಗಿಸಿದ ಮೇಲೆ ಅದನ್ನೇ ಓದಿದ್ದೇನೆ. ನಿನಗೆ ಮಾತ್ರ ಕಳಿಸಬಹುದಿತ್ತು. ಆದರೆ ನಮ್ಮ ಹಾಗೆ ಮಗ್ಗದ ಸದ್ದಿನಲ್ಲೇ ಬೆಳೆದವರು ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಅವಳ ಪಾಠದಲ್ಲಿ ಇರೋದು ಇಂಗ್ಲೆಂಡಿನ ಮ್ಯಾಂಚೆಸ್ಟರ್. ಹೊಗೆಕೊಳವೆ, ಉಗಿಯಂತ್ರ, ನೂರಾರು ಜನ ಒಟ್ಟಿಗೆ ದುಡಿಯುವ ಗಿರಣಿ. ನಮಗೆ ಬೇಗ ಅರ್ಥವಾಗುವ ಊರು ಅದಲ್ಲ. 1830ರ ಸುಮಾರಿನ ಲಿಯಾನ್ ನೋಡು, ಫ್ರಾನ್ಸಿನದು. ರೇಷ್ಮೆಯ ಊರು. ಅಲ್ಲಿ ಮನೆಯೇ ಕಾರ್ಖಾನೆ. ಎಲ್ಲರಿಗಿಂತ ಮೇಲೆ ರೇಷ್ಮೆ ಸಾವುಕಾರರು. ಅವರ ಹತ್ತಿರ ಮಗ್ಗವೇ ಇಲ್ಲ. ರೇಷ್ಮೆ ಕೊಡುತ್ತಾರೆ, ಡಿಸೈನ್ ಕೊಡುತ್ತಾರೆ, ನೇಯ್ದದ್ದನ್ನು ತಗೊಂಡು ಮಜೂರಿ ಕೊಡುತ್ತಾರೆ. ಅವರ ಕೆಳಗೆ ಮನೆಯಲ್ಲಿ ಸ್ವಂತ ಮಗ್ಗ ಹಾಕಿಕೊಂಡ ಸುಮಾರು 8,000 ಯಜಮಾನರು. ಅವರ ಕೆಳಗೆ, ಆ ಮಗ್ಗಗಳಲ್ಲಿ ಕೂತು ನೇಯುವ ಸುಮಾರು 30,000 ಕೂಲಿಯವರು. ಸಾವುಕಾರ ಕೊಟ್ಟ ಮಜೂರಿಯಲ್ಲಿ ಅರ್ಧ ಯಜಮಾನನಿಗೆ, ಅರ್ಧ ನೇಯ್ದವನಿಗೆ. ಇಷ್ಟು ಓದಿ ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಊರ ಹೆಸರು ಬದಲಾಯಿಸಿದರೆ ನಮ್ಮ ದೊಡ್ಡಬಳ್ಳಾಪುರವೇ ಅಲ್ವಾ?

ನಮ್ಮ ಮನೆ ಮಗ್ಗದ ನೆತ್ತಿಯ ಮೇಲೆ ಕೂತಿದ್ದ, ಬಟ್ಟೆಯಲ್ಲಿ ಹೂವು ಮೂಡಿಸುವ ಜಕಾರ್ಡ್ ಯಂತ್ರ ಕೂಡ ಆ ಊರಿನದೇ. ಜೋಸೆಫ್ ಮರೀ ಜಕಾರ್ಡ್ ಅನ್ನುವವನು 1752ರಲ್ಲಿ ಲಿಯಾನ್‌ನಲ್ಲಿ ಹುಟ್ಟಿದ. ಅವನಿಗಿಂತ ಮುಂಚೆ ಬೇರೆಯವರು ಮಾಡಿಟ್ಟ ಕೆಲಸವನ್ನೆಲ್ಲ ಸೇರಿಸಿ 1804ರ ಹೊತ್ತಿಗೆ ಈ ಯಂತ್ರಕ್ಕೆ ಒಂದು ರೂಪ ಕೊಟ್ಟ. ರಟ್ಟಿನ ಕಾರ್ಡಿನಲ್ಲಿ ತೂತು ಇದ್ದರೆ ಹಾಸಿನ ಎಳೆ, ಅಂದರೆ ಉದ್ದಕ್ಕೆ ಬಿಗಿದ ನೂಲು, ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ನಿನಗೆ ಹೇಳಬೇಕಾಗಿಲ್ಲ, ಕಾರ್ಡು ಹೊಲಿಯುವುದರಲ್ಲಿ ನಿನ್ನ ಬೆರಳು ನನಗಿಂತ ಚುರುಕಾಗಿತ್ತು. ಅದಕ್ಕೂ ಮೊದಲು ಹೂವಿನ ಬಟ್ಟೆ ನೇಯಬೇಕಾದರೆ ನೇಕಾರನ ಪಕ್ಕದಲ್ಲಿ ಇನ್ನೊಬ್ಬರು ನಿಂತು ಹಗ್ಗ ಎಳೆಯಬೇಕಿತ್ತು. ಬಹಳ ಸಲ ಅದು ಒಂದು ಮಗು. ದಿನವಿಡೀ, ಅಡ್ಡಕ್ಕೆ ಹಾಯುವ ಪ್ರತಿ ಹೊಕ್ಕಿನ ಎಳೆಗೂ. ಆ ಮಗುವಿನ ತೋಳಿಗೆ ಬಿಡುಗಡೆ ಸಿಕ್ಕಿತು, ಆ ಮನೆಗೆ ಬರುತ್ತಿದ್ದ ನಾಲ್ಕು ಕಾಸೂ ನಿಂತಿತು. ಎರಡೂ ನಿಜ.

ಜಕಾರ್ಡ್ ಹಾಕಿದರೆ ಮಗ್ಗ ಎತ್ತರವಾಗುತ್ತದಲ್ಲ. ಹಳೇ ಮನೆಗಳಲ್ಲಿ ಹಿಡಿಸಲಿಲ್ಲ. ಅದಕ್ಕೇ ನೇಕಾರರು ಕ್ರ್ವಾ ರೂಸ್ ಅನ್ನುವ ಗುಡ್ಡದ ಮೇಲೆ ನಾಲ್ಕು ಮೀಟರ್ ಎತ್ತರದ ಸೂರು, ಉದ್ದುದ್ದ ಕಿಟಕಿ ಇರುವ ಮನೆಗಳಿಗೆ ಬಂದರು. ಕೆಳಗೆ ಮಗ್ಗ, ಮೇಲೆ ಅಟ್ಟದಲ್ಲಿ ಮಲಗೋದು. ಮಗ್ಗದ ಸದ್ದಿಗೆ ಅವರು ಇಟ್ಟ ಹೆಸರು ಬಿಸ್ತಾಂಕ್ಲಾಕ್. ನೀನು ಇಟ್ಟ ಹೆಸರನ್ನು ಇಲ್ಲಿ ಬರೆಯೋ ಹಾಗಿಲ್ಲ.

ಈಗ ದಂಗೆಯ ಮಾತಿಗೆ ಬರುತ್ತೇನೆ. 1786ರಲ್ಲಿ, ಇನ್ನೂ ರಾಜನ ಆಳ್ವಿಕೆ ಇದ್ದಾಗಲೇ, ಲಿಯಾನ್ ನೇಕಾರರು ಅಳತೆಗೆ ಎರಡು ಸೂ ಜಾಸ್ತಿ ಮಜೂರಿ ಕೇಳಿದರು. ಸೂ ಅಂದರೆ ಬಿಡಿಕಾಸು. ಜನ ಬೀದಿಗೆ ಬಂದಾಗ ಊರಿನ ಆಡಳಿತದವರು ಹೆದರಿ ಒಪ್ಪಿದರು. ಆಮೇಲೆ ರಾಜನ ಸರ್ಕಾರ ಅದನ್ನು ರದ್ದು ಮಾಡಿ, ಕೆಲವರನ್ನು ಗಲ್ಲಿಗೆ ಹಾಕಿತು. ಎರಡು ಸೂಗೆ. ಅದೇ ವರ್ಷ ಇಂಗ್ಲೆಂಡಿನ ಜೊತೆ ವ್ಯಾಪಾರದ ಒಪ್ಪಂದ ಆಯಿತು. ಇಂಗ್ಲಿಷರ ಅಗ್ಗದ ಬಟ್ಟೆ ಬಂದು ಫ್ರಾನ್ಸಿನ ಉತ್ತರದ ಊರುಗಳಲ್ಲಿ ಮಗ್ಗಗಳು ನಿಂತವು. 1788ರ ಜುಲೈನಲ್ಲಿ ಆನೆಕಲ್ಲು ಮಳೆ ಬಿದ್ದು ಪೈರು ಹಾಳಾಯಿತು. ದುಡಿದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ರೆಡ್ಡಿಗೇ ಹೋಗುವ ಕಾಲ. 1789ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನಲ್ಲಿ ಗೋಡೆಗೆ ಅಂಟಿಸುವ ಕಾಗದ ಮಾಡುವ ರೆವೆಯೋನ್ ಎಂಬ ಕಾರ್ಖಾನೆ ಮಾಲೀಕ ಕೂಲಿ ಕಡಿಮೆ ಇದ್ದರೂ ನಡೆಯುತ್ತೆ ಎಂದನಂತೆ ಅನ್ನುವ ಸುದ್ದಿ ಹಬ್ಬಿತು. ಜನ ಅವನ ಮನೆಗೆ ನುಗ್ಗಿದರು, ಸೈನಿಕರು ಗುಂಡು ಹಾರಿಸಿದರು. ಬಾಸ್ಟಿಲ್ ಅನ್ನುವ ಸೆರೆಮನೆ ಕೋಟೆ ಜನರ ಕೈಗೆ ಬಿದ್ದು ಕ್ರಾಂತಿ ಭುಗಿಲೇಳೋಕೆ ಇನ್ನೂ ಎರಡೂವರೆ ತಿಂಗಳಿತ್ತು. ಸರ್ಕಾರದ ಸಾಲ, ದೊಡ್ಡವರಿಗೆ ತೆರಿಗೆ ವಿನಾಯಿತಿ, ಅದೆಲ್ಲ ನಿನ್ನ ಮಗಳ ಪಾಠದಲ್ಲೇ ಇದೆ. ಆದರೆ ಕೂಲಿಯ ಬಗ್ಗೆ ಆಡಿದ ಒಂದು ಮಾತಿಗೆ ಊರು ಹೊತ್ತಿಕೊಂಡಿತು ಅನ್ನುವುದನ್ನೂ ಅವಳು ಓದಬೇಕು.

ಕ್ರಾಂತಿ ಆಯಿತು. ಎಲ್ಲರೂ ಸಮಾನರು, ಎಲ್ಲರೂ ಸ್ವತಂತ್ರರು. 1791ರಲ್ಲಿ ಹಳೇ ಕಸುಬಿನ ಕೂಟಗಳನ್ನೆಲ್ಲ ತೆಗೆದು ಹಾಕಿದರು. ಯಾರು ಬೇಕಾದರೂ ಯಾವ ಕಸುಬು ಬೇಕಾದರೂ ಮಾಡಬಹುದು. ನನಗೆ ಇದು ಇವತ್ತಿಗೂ ದೊಡ್ಡ ವಿಷಯ ಅನ್ನಿಸುತ್ತದೆ, ಹುಟ್ಟಿನಿಂದ ಕಸುಬು ಅಂಟಿಸಿಕೊಂಡ ಬೀದಿಯಲ್ಲಿ ಬೆಳೆದವರು ನಾವು. ಆದರೆ ಅದೇ ವರ್ಷ ಜೂನ್ 14ರಂದು ಲ ಶಾಪೆಲಿಯೇ ಎನ್ನುವವನು ತಂದ ಕಾನೂನು, ಒಂದೇ ಕಸುಬಿನವರು ಸಭೆ ಸೇರಿ ಕೂಲಿಯ ಬಗ್ಗೆ ಒಟ್ಟಾಗಿ ನಿರ್ಧಾರ ಮಾಡೋ ಹಾಗಿಲ್ಲ ಅಂತ ಹೇಳಿತು. ನೀನೂ ಸ್ವತಂತ್ರ, ಸಾವುಕಾರನೂ ಸ್ವತಂತ್ರ, ಇಬ್ಬರೇ ಕೂತು ಮಾತಾಡಿಕೊಳ್ಳಿ. ಮನೆಯಲ್ಲಿ ಅಕ್ಕಿ ಇರುವವನೂ ಇಲ್ಲದವನೂ ಇಬ್ಬರೇ ಕೂತರೆ ಮಾತು ಹೇಗೆ ಮುಗಿಯುತ್ತದೆ ಹೇಳು.

ಅದಕ್ಕೇ 1831ರಲ್ಲಿ ಲಿಯಾನ್‌ನಲ್ಲಿ ಮತ್ತೆ ಅದೇ ಬೇಡಿಕೆ. 45 ವರ್ಷ ಕಳೆದಿತ್ತು, ನಡುವೆ ಒಂದು ಕ್ರಾಂತಿ, ಒಬ್ಬ ನೆಪೋಲಿಯನ್, 1830ರ ಇನ್ನೊಂದು ಕ್ರಾಂತಿ ಎಲ್ಲ ಆಗಿಹೋಗಿತ್ತು. ಅವರು ಜಕಾರ್ಡ್ ಒಡೆಯಿರಿ ಅನ್ನಲಿಲ್ಲ. ಮಜೂರಿಗೆ ಒಂದು ಕನಿಷ್ಠ ದರ ಗೊತ್ತುಮಾಡಿ ಅಂದರು, ಅಷ್ಟೇ. ಅಲ್ಲಿನ ಅಧಿಕಾರಿ ಬೂವಿಯೇ ದ್ಯುಮೊಲಾರ್ ಎರಡೂ ಕಡೆಯವರನ್ನು ಕೂರಿಸಿ ಅಕ್ಟೋಬರ್ 25ಕ್ಕೆ ದರಪಟ್ಟಿ ಮಾಡಿಸಿದ. 104 ಜನ ಸಾವುಕಾರರು ನಾವು ಕೊಡಲ್ಲ ಅಂದರು. ಪ್ಯಾರಿಸ್ಸಿನ ಸರ್ಕಾರವೂ ಅವರ ಕಡೆಗೇ ನಿಂತಿತು, ದರ ಕಟ್ಟುವುದು ಸ್ವಾತಂತ್ರ್ಯಕ್ಕೆ ವಿರುದ್ಧ ಅಂತ. ನವೆಂಬರ್ 21ರ ಬೆಳಿಗ್ಗೆ ನೇಕಾರರು ಗುಡ್ಡ ಇಳಿದು ಬಂದರು. ಕೈಯಲ್ಲಿ ಕಪ್ಪು ಬಾವುಟ, "ದುಡಿದು ಬದುಕುತ್ತೇವೆ, ಇಲ್ಲವೇ ಹೋರಾಡಿ ಸಾಯುತ್ತೇವೆ" ಅನ್ನುವ ಮಾತು. ಗುಂಡು ಹಾರಿತು. ಎರಡು ಕಡೆಯೂ ಹೆಣ ಬಿದ್ದವು. 23ರ ಹೊತ್ತಿಗೆ ಸೈನ್ಯವೇ ಊರು ಬಿಟ್ಟು ಹೋಗಿತ್ತು, ಇಡೀ ಲಿಯಾನ್ ನೇಕಾರರ ಕೈಯಲ್ಲಿ. ಆಗ ಅವರು ಏನು ಮಾಡಿದರು ಗೊತ್ತಾ? ಲೂಟಿ ಆಗದ ಹಾಗೆ ಕಾವಲು ನಿಂತರು. ತಾವೇ ನೇಯ್ದ ರೇಷ್ಮೆ ತುಂಬಿದ್ದ ಊರು ಅದು.

ಡಿಸೆಂಬರ್ 3ಕ್ಕೆ ಸುಮಾರು 20,000 ಸೈನಿಕರು ಬಂದರು. ದರಪಟ್ಟಿ ರದ್ದಾಯಿತು, ಅದನ್ನು ಮಾಡಿಸಿದ ಅಧಿಕಾರಿಯ ಕೆಲಸವೂ ಹೋಯಿತು. 1834ರ ಏಪ್ರಿಲ್‌ನಲ್ಲಿ ಇನ್ನೊಂದು ಸಲ ಎದ್ದರು, ಆ ಸಲ ಇನ್ನೂ ಜಾಸ್ತಿ ರಕ್ತ ಹರಿಯಿತು. ಕೆಲಸಗಾರರ ಸಂಘ ಕಟ್ಟುವುದು ಫ್ರಾನ್ಸಿನಲ್ಲಿ ಕಾನೂನಿಗೆ ಒಪ್ಪಿಗೆಯಾಗಿದ್ದು 1884ರಲ್ಲಿ. ಲೆಕ್ಕ ಹಾಕು, 1791ರಿಂದ 93 ವರ್ಷ.

ಇಲ್ಲಿಗೆ ನಿಲ್ಲಿಸಿ ಸಹಿ ಹಾಕೋಣ ಅಂದುಕೊಂಡಿದ್ದೆ. ಆದರೆ ಓದುವಾಗ ಇನ್ನೊಂದು ಸಿಕ್ಕಿತು, ಅದನ್ನು ನಿನಗೆ ಹೇಳದೆ ಇರೋಕೆ ಆಗುತ್ತಿಲ್ಲ.

1803ರಲ್ಲಿ ಫ್ರಾನ್ಸಿನ ಪ್ರತಿ ಕೂಲಿಯವನ ಹತ್ತಿರ ಒಂದು ಸಣ್ಣ ಪುಸ್ತಕ ಇರಬೇಕು ಅಂತ ಕಾನೂನು ಬಂತು. ಲಿವ್ರೇ ಅನ್ನುತ್ತಾರೆ. ಅದಿಲ್ಲದೆ ಊರು ಬಿಟ್ಟು ಹೊರಟರೆ ಅವನು ಅಲೆಮಾರಿ, ಹಿಡಿದು ಒಳಗೆ ಹಾಕಬಹುದು. ಯಜಮಾನ ಕೊಟ್ಟ ಮುಂಗಡವನ್ನು ಅದರಲ್ಲಿ ಬರೆಯುತ್ತಿದ್ದರು. ಬಾಕಿ ತೀರುವವರೆಗೆ ಪುಸ್ತಕ ವಾಪಸ್ ಇಲ್ಲ. ಬಾಕಿ ಇದ್ದೂ ಬಿಟ್ಟು ಹೋದರೆ ಹೊಸ ಯಜಮಾನ ಅವನ ಕೂಲಿಯಲ್ಲಿ ಹಿಡಿದು ಹಳೇ ಯಜಮಾನನಿಗೆ ಕೊಡಬೇಕು. ಮಾರನೇ ವರ್ಷ ಬಂದ ಸಿವಿಲ್ ಕಾನೂನಿನ 1781ನೇ ಕಲಮು ಇನ್ನೂ ನೇರ: ಕೂಲಿ ಎಷ್ಟು, ಮುಂಗಡ ಎಷ್ಟು ಅಂತ ಜಗಳ ಬಂದರೆ ಯಜಮಾನನ ಮಾತನ್ನೇ ನಂಬಬೇಕು. ಎಲ್ಲರೂ ಸಮಾನರು ಅಂತ ಹೇಳಿದ ದೇಶದಲ್ಲಿ ಆ ಕಲಮು 1868ರವರೆಗೆ ಇತ್ತು. ಲಿವ್ರೇ 1890ರವರೆಗೆ.

ನಮ್ಮಪ್ಪನ ಕೆಂಪು ರಟ್ಟಿನ ಪುಸ್ತಕ ನಿನಗೆ ನೆನಪಿರಬೇಕು. ಎಂಟನೇ ಕ್ಲಾಸಿನಿಂದ ಅದನ್ನು ಬರೆಯುತ್ತಿದ್ದವನು ನಾನೇ, ನನ್ನ ಅಕ್ಷರ ಚೆನ್ನಾಗಿದೆ ಅಂತ. ಒಬ್ಬೊಬ್ಬರಿಗೆ ಒಂದು ಪುಟ. ಮುಂಗಡ, ನೇಯ್ದ ಸೀರೆ, ಹಿಡಿದದ್ದು, ಬಾಕಿ. ಬಾಕಿ ತೀರಿಸದೆ ಬೇರೆಯವರ ಮಗ್ಗಕ್ಕೆ ಹೋಗೋ ಹಾಗಿಲ್ಲ. ಹೋಗಬೇಕಾದರೆ ಹೊಸ ಯಜಮಾನ ಬಂದು ಕಟ್ಟಿ ಕರೆದುಕೊಂಡು ಹೋಗಬೇಕು. ಆಗ ಅದು ತಪ್ಪು ಅಂತ ನನಗೆ ಅನ್ನಿಸಿರಲಿಲ್ಲ, ಎಲ್ಲರ ಮನೆಯಲ್ಲೂ ಹಾಗೇ ಇತ್ತು.

ಗೋಡೆ ಪಕ್ಕದ ಮಗ್ಗದ ಅಣ್ಣ ಇದ್ದರಲ್ಲ, ನಮಗೆ ಗಾಳಿಪಟಕ್ಕೆ ನೂಲು ಕೊಡುತ್ತಿದ್ದರಲ್ಲ, ಅವರು. ಹೆಂಡತಿಯ ಹೆರಿಗೆಗೆ ಅಂತ ಮುಂಗಡ ತಗೊಂಡಿದ್ದರು. ಒಂದು ಶನಿವಾರ ಅಪ್ಪ ಬೆಂಗಳೂರಿಗೆ ಹೋಗಿದ್ದಾಗ ನನ್ನ ಕೈಯಲ್ಲಿ 500 ರೂಪಾಯಿ ಕೊಟ್ಟು "ಬರ್ಕೊ ಮರೀ" ಅಂದರು. ದುಡ್ಡನ್ನು ಗಲ್ಲಾಪೆಟ್ಟಿಗೆಗೆ ಹಾಕಿದೆ. ಆಮೇಲೆ ಬರೆಯೋಣ ಅಂತ ಪಟ ತಗೊಂಡು ಓಡಿದೆ. ಬರೆಯಲಿಲ್ಲ. ಎರಡು ತಿಂಗಳಾದ ಮೇಲೆ ಅವರಿಗೆ ಬೇರೆ ಕಡೆ ಸೀರೆಗೆ ಜಾಸ್ತಿ ಕೂಲಿ ಸಿಗುವ ಮಗ್ಗ ಸಿಕ್ಕಿತು. ಅಪ್ಪ ಪುಸ್ತಕ ತೆಗೆದರು. ಅಣ್ಣ ಆ 500 ಎಲ್ಲಿ ಅಂದರು. ಅಪ್ಪ ನನ್ನ ಕಡೆ ನೋಡಿದರು. ನನಗೆ ನೆನಪಿತ್ತು ಕಣೋ. ನೋಟು ಎಷ್ಟು ಮಡಿಕೆ ಮಡಿಸಿದ್ದರು ಅನ್ನುವುದೂ ನೆನಪಿತ್ತು. ಅಪ್ಪನ ಭಯಕ್ಕೆ "ಇಲ್ಲ, ಕೊಟ್ಟಿಲ್ಲ" ಅಂದುಬಿಟ್ಟೆ.

ಅವರು ಜಗಳ ಆಡಲಿಲ್ಲ. ಸುಮ್ನೆ ನನ್ನನ್ನೇ ಒಂದು ಸಲ ನೋಡಿ ಹೋಗಿ ಮಗ್ಗಕ್ಕೆ ಕೂತರು. ಮಳೆಗಾಲ ಮುಗಿಯುವವರೆಗೂ ನೇಯ್ದರು. ಅಷ್ಟರಲ್ಲಿ ಆ ಇನ್ನೊಂದು ಮಗ್ಗಕ್ಕೆ ಬೇರೆ ಯಾರೋ ಬಂದಿದ್ದರು. ಅಪ್ಪನಿಗೆ ಕೊನೆಯವರೆಗೂ ನಾನು ಹೇಳಲಿಲ್ಲ. ನಿನಗೂ ಹೇಳಿರಲಿಲ್ಲ. ಮೊನ್ನೆ ಅಟ್ಟ ಹತ್ತಿ ಆ ಪುಸ್ತಕ ಇಳಿಸಿದೆ. ಆ ಪುಟ ಹಾಗೇ ಇದೆ. ನನ್ನ ಗುಂಡು ಅಕ್ಷರ, ಕೆಳಗೆ ಎರಡು ಗೆರೆ ಎಳೆದು ಬಾಕಿ. ಆ ಪುಟ ನೋಡಿದವರು ಯಾರೇ ಆದರೂ ನಮ್ಮ ಲೆಕ್ಕವೇ ಸರಿ ಅನ್ನುತ್ತಾರೆ.

ಸರಿ, ಇಷ್ಟೊಂದು ಬರೆಯಬೇಕು ಅಂತ ಕೂತಿರಲಿಲ್ಲ. ಮಗಳಿಗೆ ಲಿಯಾನ್ ಕಥೆ ಓದಿ ಹೇಳು, ಬಿಸ್ತಾಂಕ್ಲಾಕ್ ಅಂತ ಅವಳ ಹತ್ತಿರ ಹತ್ತು ಸಲ ಹೇಳಿಸು. ಹಳದಿ ಛತ್ರಿ ಇನ್ನೂ ನನ್ನ ಹತ್ತಿರವೇ ಇದೆ, ಆಷಾಢಕ್ಕೆ ಊರಿಗೆ ಬಂದಾಗ ತಗೊಂಡು ಹೋಗು. ಆವತ್ತು ನಿನ್ನ ಪಟ ನನ್ನದಕ್ಕಿಂತ ಮೇಲೆ ಹೋಯಿತು ಅಂತ ಈ ಸಲವೂ ಶುರು ಮಾಡಬೇಡ. ಹೋಗಿರಲಿಲ್ಲ.

ಆಮೇಲೆ ನಿಮ್ಮಮ್ಮನನ್ನು ಒಂದು ಮಾತು ಕೇಳು. ಆ ಅಣ್ಣನ ಹೆಂಡತಿ ನಿಮ್ಮ ಮನೆಗೆ ನೂಲಿನ ಕಂಡಿಕೆ ಸುತ್ತೋಕೆ ಬರುತ್ತಿದ್ದರು. ಅವರು ಯಾವ ಊರಿನವರು ಅಂತ ಅಮ್ಮನಿಗೆ ನೆನಪಿದ್ದರೂ ಇರಬಹುದು.

ನಿನ್ನ,
ಲಾಳಿ