ನನಗೆ ಬೀಳಲು ಹಾಸಿಗೆ ಮಾಡಿಕೊಟ್ಟವರಿಗೆ

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ರಾಜ್ಯ ಜೂನಿಯರ್ ಕೂಟದ ಹೈಜಂಪ್‌ನಲ್ಲಿ ನನಗೆ ಬೆಳ್ಳಿ ಪದಕ ಬಂತು. 18 ವರ್ಷದೊಳಗಿನ ಹುಡುಗಿಯರ ವಿಭಾಗ, 1.56 ಮೀಟರ್. ಫೋನ್ ಮಾಡಿದವರಿಗೆಲ್ಲ ಥ್ಯಾಂಕ್ಸ್ ಹೇಳಿದ್ದೇನೆ. ಆದರೆ ಈ ಪದಕದ ಹಿಂದೆ ಯಾರು ಯಾರು ಏನೇನು ಮಾಡಿದರು ಅಂತ ಊರಿಗೆ ಗೊತ್ತಾಗಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಹೈಜಂಪ್‌ನಲ್ಲಿ ಎಲ್ಲರೂ ಹಾರುವುದನ್ನು ನೋಡುತ್ತಾರೆ. ನಮ್ಮಂಥ ಊರಿನ ಮಕ್ಕಳಿಗೆ ಕಷ್ಟ ಇರುವುದು ಬೀಳುವುದರಲ್ಲಿ. ಈಗಿನವರೆಲ್ಲ ದಾಟಬೇಕಾದ ಅಡ್ಡಕೋಲಿಗೆ, ಅಂದರೆ ಬಾರ್‌ಗೆ, ಬೆನ್ನು ಕೊಟ್ಟು, ತಲೆ ಮೊದಲು ದಾಟಿಸಿ, ಬೆನ್ನ ಮೇಲೆ ಬೀಳುತ್ತಾರೆ. ಅಮೆರಿಕದ ಡಿಕ್ ಫಾಸ್‌ಬರಿ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಹೀಗೆ 2.24 ಮೀಟರ್ ಹಾರಿ ಚಿನ್ನ ಗೆದ್ದರು. ಆಮೇಲೆ ಬೇರೆಯವರೂ ಅದನ್ನೇ ಕಲಿತರು. ಮೊದಲೆಲ್ಲ ಮರಳಿನ ಮೇಲೋ ಮರದ ಹೊಟ್ಟಿನ ಮೇಲೋ ಬೀಳಬೇಕಿತ್ತು. ದಪ್ಪ ಫೋಮ್ ಹಾಸಿಗೆ ಬಂದಿದ್ದರಿಂದಲೇ ಬೆನ್ನ ಮೇಲೆ ಬೀಳುವ ಧೈರ್ಯ ಬಂತು. ತಿಪಟೂರು ಕಡೆಯ ನಮ್ಮ ಶಾಲೆಯಲ್ಲಿ ಇದ್ದದ್ದು ಮರಳಿನ ಗುಂಡಿ ಮಾತ್ರ. ಅದರಲ್ಲಿ ಬೆನ್ನ ಮೇಲೆ ಬಿದ್ದರೆ ಕತ್ತು ಉಳಿಯುತ್ತಾ? ಹಾಗಾಗಿ ನಾನು ಕತ್ತರಿ ಥರ ಕಾಲು ಆಡಿಸಿ ಹಾರುತ್ತಿದ್ದೆ. ಅದರಲ್ಲಿ ಒಂದು ಎತ್ತರದವರೆಗೆ ಹೋಗಬಹುದು, ಅಷ್ಟೇ.

ನಮ್ಮ ಪಿ.ಟಿ. ಮೇಷ್ಟ್ರು ಸುಮ್ನೆ ಕೂರಲಿಲ್ಲ. ನಾರಿನ ಫ್ಯಾಕ್ಟರಿಗೆ ಹೋಗಿ ತೆಂಗಿನ ನಾರು ಕೇಳಿದರು. ಯಜಮಾನರು ಲಗೇಜ್ ಆಟೊದಲ್ಲಿ ತುಂಬಿಸಿ ಕಳಿಸಿದರು, ದುಡ್ಡು ಮುಟ್ಟಲಿಲ್ಲ. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಕೊಬ್ಬರಿ ಹರಾಜು ಮುಗಿದ ಮೇಲೆ ಹಳೆಯ ಗೋಣಿಚೀಲಗಳನ್ನು ಮಂಡಿಯವರ ಹತ್ತಿರ ಕೇಳಿ ತಂದರು. ಹಾಸಿಗೆ ಅಂಗಡಿಯ ಚಾಚಾ ಮದುವೆ ಸೀಸನ್ನಿನಲ್ಲೂ ನಮ್ಮ ಕೆಲಸ ಹಿಡಿದರು. ಒಳಗೆ ನಾರು ಒಂದೇ ಕಡೆ ಸರಿದು ಗಂಟು ಕಟ್ಟಬಾರದು ಅಂತ ಅಂಗೈ ಅಗಲಕ್ಕೊಂದು ಹೊಲಿಗೆ ಹಾಕಿದರು. ಹಾಸಿಗೆ ಸಿದ್ಧವಾದಾಗ ಮೇಷ್ಟ್ರು ಮೊದಲು ತಾವೇ ನಿಂತಲ್ಲಿಂದ ಹಿಂದಕ್ಕೆ ಬಿದ್ದು ನೋಡಿದರು. ಪದರ ಸಾಲದು ಅಂದರು. ಇನ್ನೊಂದು ಪದರ ಬಂದ ಮೇಲೇ ನನ್ನನ್ನು ಬಿಟ್ಟರು. ಅದರ ಮೇಲೂ ಕಡಿಮೆ ಎತ್ತರ ಮಾತ್ರ. ಈ ವಿಷಯದಲ್ಲಿ ಅವರು ಎಷ್ಟು ಗಟ್ಟಿಯಾಗಿದ್ದರು ಅಂತ ನನಗೆ ಈಗ ಜಾಸ್ತಿ ಅರ್ಥವಾಗುತ್ತಿದೆ. ಒಂದೇ ಒಂದು ಸಲ ಕೆಟ್ಟದಾಗಿ ಬಿದ್ದಿದ್ದರೂ ನಮ್ಮ ಮನೆಯಲ್ಲಿ ಇದೆಲ್ಲ ಅಲ್ಲಿಗೇ ನಿಲ್ಲುತ್ತಿತ್ತು.

ಮಳೆ ಬಂದರೆ ನಾರು ನೀರು ಕುಡಿದು ಕಲ್ಲಾಗುತ್ತಿತ್ತು. ಅಮ್ಮ ಮತ್ತು ಅಜ್ಜಿ ಹೊಲಿಗೆ ಬಿಚ್ಚಿ, ಅಂಗಳದಲ್ಲಿ ಒಣಗಿಸಿ, ಕೋಲಿನಿಂದ ಬಡಿದು ಮತ್ತೆ ತುಂಬುತ್ತಿದ್ದರು. ಹೆಣ್ಣುಮಗು ಬೆನ್ನು ಮುರ್ಕೊಂಡ್ರೆ ಏನ್ ಗತಿ ಅಂತ ಮೊದಲು ಬೈದದ್ದು ಇದೇ ಅಜ್ಜಿ.

ದೂರದಿಂದ ಓಡಿ ಬಂದು ಹಾರುವ ಪೂರ್ತಿ ಅಭ್ಯಾಸ ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ. ಭಾನುವಾರ ಬೆಳಗಿನ ರೈಲು, ಜೊತೆಗೆ ಅಪ್ಪ ಅಥವಾ ಅಕ್ಕ. ಅಲ್ಲಿನ ಕೋಚ್ ಮೇಡಂ ನನ್ನ ಓಟವನ್ನೇ ಬದಲಿಸಿದರು. ಮೊದಲು ನೇರ ಓಡಿ, ಕೊನೆಯ ಹೆಜ್ಜೆಗಳಲ್ಲಿ ತಿರುವು ತೆಗೆದುಕೊಂಡು ಬರಬೇಕು. ಆಗ ಮೈ ಒಳಗಡೆಗೆ ವಾಲುತ್ತದೆ. ಒಂದೇ ಕಾಲಿನಲ್ಲಿ ನೆಲ ಒದ್ದು ಎದ್ದಾಗ ಆ ವಾಲಿದ ಮೈ ತಾನಾಗಿ ಬಾರ್ ಕಡೆ ತಿರುಗುತ್ತದೆ. "ಬಾರ್ ಕಡೆಗೆ ಆತುರಪಡಬೇಡ ಮಗಳೇ, ಮೊದಲು ಮೇಲಕ್ಕೆ ಹೋಗು" ಅಂತ ಅವರು ಹೇಳಿದ್ದು ಈಗಲೂ ಪ್ರತಿ ಸಲ ಕಿವಿಯಲ್ಲಿರುತ್ತದೆ. ಕಳೆದ ವರ್ಷ ಎಡಗಾಲು ಉಳುಕಿದಾಗ ಫೀಸು ತೆಗೆದುಕೊಳ್ಳದೆ ನೋಡಿದ ತುಮಕೂರಿನ ಫಿಸಿಯೊ ಡಾಕ್ಟರಿಗೂ ನಮಸ್ಕಾರ.

ಕೂಟದ ದಿನ ನಡೆದ ಒಂದು ಸಂಗತಿ ಹೇಳಲೇಬೇಕು. ಓಟ ಎಲ್ಲಿಂದ ಶುರು ಮಾಡಬೇಕು ಅಂತ ಅಳೆದು ಗುರುತು ಹಾಕಲು ನನ್ನ ಹತ್ತಿರ ಟೇಪು ಇರಲಿಲ್ಲ. ಬೇರೆ ಜಿಲ್ಲೆಯ ಹುಡುಗಿಯೊಬ್ಬಳು ತನ್ನದನ್ನು ಕೊಟ್ಟಳು, ಇನ್ನೊಂದು ತುದಿ ಹಿಡಿದು ಅಳತೆಯನ್ನೂ ಮಾಡಿಸಿದಳು. ಕೊನೆಗೆ ನಾವಿಬ್ಬರೂ ದಾಟಿದ್ದು ಅದೇ 1.56. ಸಮ ಬಂದರೆ ಆ ಎತ್ತರದಲ್ಲಿ ಯಾರು ಕಡಿಮೆ ಸಲ ಬಾರ್ ಬೀಳಿಸಿದ್ದಾರೆ ಅಂತ ನೋಡುತ್ತಾರೆ. ನಾನು ಮೊದಲ ಪ್ರಯತ್ನದಲ್ಲೇ ದಾಟಿದ್ದೆ, ಹಾಗಾಗಿ ಬೆಳ್ಳಿ ನನಗೆ, ಕಂಚು ಅವಳಿಗೆ. ಪದಕ ಕೊಟ್ಟ ಮೇಲೆ ನನ್ನನ್ನು ಮೊದಲು ಅಪ್ಪಿಕೊಂಡವಳೂ ಅವಳೇ. ನೀನು ಇದನ್ನು ಓದುತ್ತಿದ್ದರೆ, ಆ ಟೇಪು ನನ್ನ ಬ್ಯಾಗಿನಲ್ಲೇ ಉಳಿದಿದೆ. ಮುಂದಿನ ಕೂಟಕ್ಕೆ ತರುತ್ತೇನೆ.

ಮೇಷ್ಟ್ರು ನಮ್ಮ ಶಾಲೆಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದಾರೆ, 1.92 ಮೀಟರ್. 2012ರಲ್ಲಿ ಅಷ್ಟು ಹಾರಿ ರಾಷ್ಟ್ರೀಯ ದಾಖಲೆ ಮಾಡಿ ಲಂಡನ್ ಒಲಿಂಪಿಕ್ಸ್‌ಗೆ ಹೋದವರು ನಮ್ಮ ಕರ್ನಾಟಕದ ಸಹನಾ ಕುಮಾರಿ. ಆ ಗೆರೆ ಮೇಷ್ಟ್ರ ತಲೆಗಿಂತ ಮೇಲಿದೆ. ನನಗೂ ಅದಕ್ಕೂ ಇನ್ನೂ ಬಹಳ ದೂರ ಅಲ್ವಾ? ಆದರೂ ಅದನ್ನು ದಿನಾ ನೋಡುವುದು ನನಗೆ ಇಷ್ಟ.

ನಾರಿನ ಹಾಸಿಗೆ ಶಾಲೆಯಲ್ಲೇ ಇದೆ. ಈಗ ಎಂಟನೇ ಕ್ಲಾಸಿನ ಮೂವರು ಹುಡುಗಿಯರು ಸಂಜೆ ಅದರ ಮೇಲೆ ಕಲಿಯುತ್ತಿದ್ದಾರೆ. ಹೈಜಂಪ್ ಶೂಗೆ ಹಿಮ್ಮಡಿಯಲ್ಲೂ ಮೊಳೆ ಇರಬೇಕು, ಓಟದ ಸ್ಪೈಕ್ಸ್ ಸರಿಹೋಗುವುದಿಲ್ಲ. ನನ್ನ ಹಳೆಯ ಜೊತೆ ಒಬ್ಬಳಿಗೆ ಆಗುತ್ತದೆ. ಇನ್ನಿಬ್ಬರ ಕಾಲಿನ ಅಳತೆ ಮೇಷ್ಟ್ರ ಹತ್ತಿರ ಇದೆ. ಸಹಾಯ ಮಾಡುವ ಮನಸ್ಸಿರುವವರು ದಯವಿಟ್ಟು ಅವರನ್ನು ಕೇಳಿ.