ರಸಮಟ್ಟ ಹೇಳಿಕೊಟ್ಟವರಿಗೆ, ಗುಜರಾತಿ ಓದಿಕೊಟ್ಟವರಿಗೆ

ಕಳೆದ ಸೋಮವಾರ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಹೊರಗೆ ಮಗಳು ಮೈಸೂರುಪಾಕಿನ ಡಬ್ಬ ಹಿಡಿದು ನಿಂತಿದ್ದಳು. ನಾನು ಹೆಸರು ನೋಂದಾಯಿಸಿದಾಗ ಎರಡು ಜಡೆ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದವಳು, ಈಗ ನನಗಿಂತ ಎತ್ತರ. ಒಂಬತ್ತು ವರ್ಷ ಹಿಡಿಯಿತು ಮಾರಾಯರೇ.

ವಿಷಯ, ಹತ್ತೊಂಬತ್ತನೇ ಶತಮಾನದ ಮುಂಬಯಿಯ ಫ್ರೀಮೇಸನ್ ಲಾಡ್ಜ್‌ಗಳು. ಫ್ರೀಮೇಸನ್ನರು ಎಂದರೆ ತಮ್ಮ ವಿಧಿಗಳನ್ನು ಗುಟ್ಟಾಗಿಟ್ಟುಕೊಂಡ ಒಂದು ಸಹೋದರ ಸಂಘದವರು, ಲಾಡ್ಜ್ ಎಂದರೆ ಅವರ ಊರೂರಿನ ಕೂಟ. ಹೇಳಿದಾಗಲೆಲ್ಲ "ಲಾಡ್ಜಾ? ಮೆಜೆಸ್ಟಿಕ್ ಕಡೆಯದಾ?" ಎಂದು ಕೇಳಿದ ಎಲ್ಲರಿಗೂ ಮೊದಲ ವಂದನೆ. ನಮ್ಮ ಭಾವನವರಂತೂ "ಬೋರ್ಡಿಂಗೂ ಸೇರುತ್ತೇನಮ್ಮಾ?" ಅಂದರು. ಪ್ರಬಂಧದ ಮೊದಲ ಪುಟವನ್ನು ನಾಲ್ಕು ಸಲ ತಿದ್ದಿ ಸರಳ ಮಾಡಿದ್ದು ಇವರ ದೆಸೆಯಿಂದಲೇ.

ಎರಡನೆಯವರು ಕ್ವೀನ್ಸ್ ರಸ್ತೆಯ ಪಾರ್ಸಿ ಅಗ್ನಿಮಂದಿರದ ಹತ್ತಿರ ಇರುವ ಒಬ್ಬ ಹಿರಿಯರು. ಹೆಸರು ಹಾಕಬೇಡ ಎಂದು ಆಣೆ ಹಾಕಿದ್ದಾರೆ. ನನಗೆ ಗುಜರಾತಿ ಬಾರದು, ಮುಂಬಯಿಯ ಪಾರ್ಸಿಗಳ ಕಥೆಯೋ ಅರ್ಧಕ್ಕರ್ಧ ಗುಜರಾತಿಯಲ್ಲೇ ಇದೆ. ಮೂರು ವರ್ಷ, ಪ್ರತಿ ಗುರುವಾರ ಸಂಜೆ, ಪುದೀನ ಮತ್ತು ಮಜ್ಜಿಗೆ ಹುಲ್ಲು ಹಾಕಿದ ಚಹಾ ಮುಂದಿಟ್ಟುಕೊಂಡು ಅವರು ಸಾಲು ಸಾಲು ಓದಿ ಹೇಳಿದರು. ನಾನು ಬರೆದುಕೊಂಡೆ. ತಪ್ಪಿದರೆ "ದೀಕ್ರಿ (ಮಗಳೇ), ಮತ್ತೆ ಕೇಳು" ಅನ್ನುತ್ತಿದ್ದರು.

ಮಾಣಿಕ್‌ಜೀ ಕರ್ಸೆಟ್‌ಜೀ ಎಂಬ ಪಾರ್ಸಿ ಗೃಹಸ್ಥರ ಕಥೆ ನನಗೆ ತಲೆಗೆ ಹತ್ತಿದ್ದು ಹೀಗೆ. ಮುಂಬಯಿಯಲ್ಲಿ ಆಗಲೇ ಯುರೋಪಿಯನ್ನರ ಲಾಡ್ಜ್ ಇತ್ತು. ಎಲ್ಲ ಮನುಷ್ಯರೂ ಅಣ್ಣತಮ್ಮಂದಿರು ಎಂಬುದು ಅಲ್ಲಿಯ ಮಾತು. ಆದರೆ ಇವರಿಗೆ ಬಾಗಿಲು ತೆರೆಯಲಿಲ್ಲ. ಮನುಷ್ಯ ಹಡಗು ಹತ್ತಿ ಹೋಗಿ ಪ್ಯಾರಿಸ್‌ನಲ್ಲಿ ದೀಕ್ಷೆ ಪಡೆದು ಬಂದರು! ಆಮೇಲೂ ಊರಲ್ಲಿ ಅದೇ ಬಾಗಿಲು, ಅದೇ ಚಿಲಕ. ಕೊನೆಗೆ 1843ರಲ್ಲಿ ಜೇಮ್ಸ್ ಬರ್ನ್ಸ್ ಎಂಬ ಸ್ಕಾಟ್‌ಲೆಂಡಿನ ಡಾಕ್ಟರು 'ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ' ಎಂಬ ಲಾಡ್ಜನ್ನು ಭಾರತೀಯರಿಗಾಗಿಯೇ ಕಟ್ಟಿದರು. ಇದನ್ನು ಉದಾರತೆ ಎಂದು ಬರೆದವರು ಬಹಳ. ನನಗೆ ಕಂಡದ್ದು ನಾವೆಲ್ಲ ಬಲ್ಲ ಪಂಕ್ತಿಭೇದ. ಅನ್ನ ಹಾಕಿದರು ನಿಜ, ಎಲೆ ಮಾತ್ರ ಬೇರೆ ಸಾಲಿನಲ್ಲಿ. ಕಲ್ಕತ್ತದಲ್ಲಿ ಅಷ್ಟೂ ಇರಲಿಲ್ಲ. ಪ್ರಸನ್ನ ಕುಮಾರ್ ದತ್ ಎಂಬ ಹಿಂದೂ ವರ್ಷಗಟ್ಟಲೆ ಜಗಳವಾಡಿ ಒಳಗೆ ಕಾಲಿಟ್ಟದ್ದು 1872ರಲ್ಲಿ. ನವಾಬರ ಮಕ್ಕಳಿಗೆ ಮಾತ್ರ ಯಾವ ತೊಂದರೆಯೂ ಇದ್ದಂತಿಲ್ಲ. ಆರ್ಕಾಟಿನ ಉಮ್ದತ್-ಉಲ್-ಉಮ್ರಾನನ್ನು 1770ರ ದಶಕದಲ್ಲೇ ಸೇರಿಸಿಕೊಂಡಿದ್ದರು.

ಹೊಸಬರನ್ನು ಸೇರಿಸಿಕೊಳ್ಳುವಾಗ ಗುಟ್ಟಾಗಿ ಬಿಳಿ ಗುಂಡು, ಕಪ್ಪು ಗುಂಡು ಹಾಕಿ ಮತ ಕೊಡುವ ಪದ್ಧತಿಯನ್ನು ಆ ಹಿರಿಯರು ಸಕ್ಕರೆ ಬಿಲ್ಲೆಗಳ ನಡುವೆ ಒಂದು ಲವಂಗ ಇಟ್ಟು ತೋರಿಸಿದರು. "ಇಷ್ಟೇ ಸಾಕು, ನೀನು ಹೊರಗೆ." ನನ್ನ ಪ್ರಬಂಧ ಮೊದಲ ಸಲ ವಾಪಸ್ ಬಂದಾಗ ಆ ಲವಂಗವೇ ನೆನಪಾಯಿತು.

ಅವರ ತಂದೆ ಲಾಡ್ಜಿನ ಸದಸ್ಯರಾಗಿದ್ದವರು. ಕೊನೆಯ ಗುರುವಾರ ಟ್ರಂಕ್ ತೆಗೆದು, ಲಾಡ್ಜಿನ ಸಭೆಗೆ ಅಪ್ಪ ಸೊಂಟಕ್ಕೆ ಕಟ್ಟುತ್ತಿದ್ದ ಏಪ್ರನ್ ತಂದಿಟ್ಟರು. ಬಿಳಿ ಕುರಿಮರಿ ಚರ್ಮ, ಸುತ್ತ ತಿಳಿನೀಲಿ ಅಂಚು, ಆ ಕಡೆ ಏಳು ಈ ಕಡೆ ಏಳು ಕುಚ್ಚು, ನುಸಿಗುಳಿಗೆ ವಾಸನೆ. ಹೆಂಗಸರಿಗೆ ಆ ಲಾಡ್ಜ್‌ಗಳಲ್ಲಿ ಪ್ರವೇಶವಿಲ್ಲ. ಮುಟ್ಟಬಹುದಾ ಅಂದೆ. "ಅಪ್ಪ ಇದ್ದಿದ್ದರೆ ಬಿಡ್ತಿರಲಿಲ್ಲ, ನೀನು ಮುಟ್ಟು" ಅಂದರು. ಅದೇ ಮಾಣಿಕ್‌ಜೀ 1863ರಲ್ಲಿ ಮುಂಬಯಿಯಲ್ಲಿ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಶಾಲೆ ತೆರೆದರು ಎಂಬ ವಿಚಾರ ನಾನು ಅಂದು ಅವರಿಗೆ ಹೇಳಿದೆ. ಮೂರು ವರ್ಷದಲ್ಲಿ ಅವರಿಗೆ ಗೊತ್ತಿಲ್ಲದ್ದು ನಾನು ಹೇಳಿದ್ದು ಅದೊಂದೇ.

ಬಸವನಗುಡಿಯ ವಿಶ್ವ ಸಂಸ್ಕೃತಿ ಸಂಸ್ಥೆಯ ಗ್ರಂಥಾಲಯಕ್ಕೆ, ಅಲ್ಲಿಯ ಫ್ಯಾನ್ ಕೆಳಗಿನ ಮೂಲೆ ಮೇಜಿಗೆ, ವಂದನೆ. ಮಾಟುಂಗಾದ ಸೋದರತ್ತೆಗೆ ಏನು ಹೇಳಲಿ? ನಾನು ಹೋದಾಗಲೆಲ್ಲ ತಾನು ವರಾಂಡದಲ್ಲಿ ಮಲಗಿ ನನಗೆ ಮಂಚ ಬಿಟ್ಟುಕೊಟ್ಟಳು. ಒಂದು ಕಚೇರಿಯಲ್ಲಿ ನನ್ನ ಕಡತ ಹನ್ನೊಂದು ತಿಂಗಳು ಕಾಣೆಯಾಗಿತ್ತು. ಅಟ್ಟದ ಮೇಲಿನ ಮೂಟೆಯಿಂದ ಅದನ್ನು ಎಳೆದು, ಧೂಳು ಕೊಡವಿ ಕೈಗಿತ್ತ ಅಟೆಂಡರ್ ಅಣ್ಣನಿಗೂ.

ಇನ್ನು ಮೇಸ್ತ್ರಿ.

ಫ್ರೀಮೇಸನ್ನರು ಗಾರೆ ಕೆಲಸದ ಸಲಕರಣೆಗಳನ್ನೇ ತಮ್ಮ ಲಾಂಛನ ಮಾಡಿಕೊಂಡವರು. ಲಾಡ್ಜಿನ ಮುಖ್ಯಸ್ಥ, ಅವನ ಕೆಳಗಿನ ಇಬ್ಬರು ಅವನ್ನು ಕೊರಳಲ್ಲಿ ಧರಿಸುತ್ತಾರೆ. ಇವಕ್ಕೆ ಕನ್ನಡ ಪದ ಹುಡುಕಿ ನಿಘಂಟು ತೆಗೆದರೆ 'ಸಮತಲಸೂಚಕ' ಎಂಬಂಥವು ಸಿಗುತ್ತಿದ್ದವು. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಒಂದು ಮಧ್ಯಾಹ್ನ ಚಿತ್ರಗಳನ್ನು ಹಿಡಿದುಕೊಂಡು ಕಾಂಪೌಂಡ್ ಹತ್ತಿರ ಹೋದೆ. ಬಾಗಲಕೋಟೆ ಕಡೆಯ ಮೇಸ್ತ್ರಿ ಕೈ ತೊಳೆದುಕೊಂಡು ಬಂದು ಒಂದೊಂದಕ್ಕೂ ಬೆರಳಿಟ್ಟರು. ಮೂಲೆಮಟ್ಟ. ಕೈವಾರ. ತೂಗುಗುಂಡು. ನಾಲ್ಕನೆಯದರಲ್ಲಿ ದಾರ ಇಳಿಬಿಟ್ಟಿತ್ತು, ಒಂದು ಗಳಿಗೆ ನೋಡಿದರು. "ಇದೂ ಮಟ್ಟಾನ ರೀ ಮೇಡಮ್ಮಾರ. ಈಗ ರಸಮಟ್ಟ ಬಂದೈತಿ. ಮೊದಲ ಹಿಂಗ ದಾರಕ್ಕ ಗುಂಡು ಕಟ್ಟಿ ನೋಡ್ತಿದ್ರು." ಮೇಲ್ಗಡೆಯಿಂದ ತಮ್ಮ ರಸಮಟ್ಟ ತರಿಸಿ ಕಾಂಪೌಂಡ್ ಗೋಡೆ ಮೇಲಿಟ್ಟರು. ಗುಳ್ಳೆ ಒಂದು ಕಡೆ ಸರಿಯಿತು. ನಮ್ಮ ಗೋಡೆ ಸೊಟ್ಟ ಎಂದು ಗೊತ್ತಾದದ್ದೂ ಆವತ್ತೇ.

ಚಿತ್ರ ವಾಪಸ್ ಕೊಡುವಾಗ ಕೇಳಿದರು, "ಗ್ವಾಡಿ ಕಟ್ಟಲಾರದವ್ರು ಇದನ್ನ ಕೊಳ್ಳಾಗ ಯಾಕ ಹಾಕ್ಕೋತಾರ್ರೀ?"

ನಾಲ್ಕನೇ ಅಧ್ಯಾಯ ಪೂರ್ತಿ ಆ ಪ್ರಶ್ನೆಗೆ ಉತ್ತರ ಕೊಡಲು ಹೆಣಗಿದ್ದು. ಮೌಖಿಕ ಪರೀಕ್ಷೆಯಲ್ಲಿ ಅರ್ಧ ಗಂಟೆ ಚರ್ಚೆಯಾದದ್ದೂ ಅದರ ಮೇಲೆಯೇ. ಅಲ್ಲಿ ಒಂದು ಅಡಿಟಿಪ್ಪಣಿಯಲ್ಲಿ ಅವರ ಹೆಸರಿದೆ. ಮನೆ ಮುಗಿದು ಅವರು ಬೇರೆ ಕೆಲಸಕ್ಕೆ ಹೋದರು, ಫೋನ್ ನಂಬರ್ ಬದಲಾಗಿದೆ. ಎಡಗೈ ಹೆಬ್ಬೆರಳಿನ ಉಗುರು ಅರ್ಧ ಇಲ್ಲದ, ನೀರಿಗೆ ಬೆಲ್ಲ ಕೇಳುವ ಮೇಸ್ತ್ರಿ ನಿಮ್ಮ ಬೀದಿಯಲ್ಲಿ ಎಲ್ಲಾದರೂ ಕಂಡರೆ ದಯವಿಟ್ಟು ತಿಳಿಸಿ. ಒಂದು ಪ್ರತಿ ತೆಗೆದಿಟ್ಟಿದ್ದೇನೆ.