ಪೈಲಟ್‌ಗಳು ಬೇಕಾದಷ್ಟಿವೆ, ದಾಟಿಸುವವರು ಯಾರು?

ಸಂಪಾದಕರೇ,

ಬೆಂಗಳೂರಿನ ಯಾವ ಮೂಲೆಗೆ ಹೋದರೂ ಒಂದು 'ಪೈಲಟ್', ಅಂದರೆ ಸಣ್ಣ ಮಟ್ಟದ ಪ್ರಯೋಗ, ನಡೆಯುತ್ತಿರುತ್ತದೆ. ಕಸಕ್ಕೊಂದು, ಅಂಗನವಾಡಿಗೊಂದು, ಕೆರೆಗೊಂದು, ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಆರೋಗ್ಯಕ್ಕೊಂದು. ಎರಡು ಮೂರು ವರ್ಷ ದುಡ್ಡು ಬರುತ್ತದೆ, ಚೆಂದದ ರಿಪೋರ್ಟ್ ಬರುತ್ತದೆ, ಆಮೇಲೆ ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ದುಡ್ಡು) ಕೊಡುವವರಿಗೆ ಹೊಸದೇನೋ ಬೇಕಾಗುತ್ತದೆ, ಹಳೆಯದು ಅಲ್ಲಿಗೇ ನಿಂತುಹೋಗುತ್ತದೆ. ಚೆನ್ನಾಗಿ ನಡೆದದ್ದನ್ನು ಎತ್ತಿಕೊಂಡು ಸರ್ಕಾರದ ಬಜೆಟ್ಟಿನವರೆಗೆ ದಾಟಿಸುವುದು ಯಾರ ಕೆಲಸವೂ ಅಲ್ಲ. ನನ್ನ ತಕರಾರು ಇಷ್ಟೇ.

ಯುರೋಪಿನವರು ಇದಕ್ಕೊಂದು ದಾರಿ ಹುಡುಕಿದ್ದಾರೆ. ಅಲ್ಲಿನ ಒಕ್ಕೂಟದ ಸಾಮಾಜಿಕ ನಿಧಿಗೆ ಇಎಸ್‌ಎಫ್ ಪ್ಲಸ್ ಅಂತಾರೆ, 2021ರಿಂದ 2027ರ ಅವಧಿಯದ್ದು. ಸದಸ್ಯ ದೇಶಗಳು ಸಾಮಾಜಿಕ ಆವಿಷ್ಕಾರಕ್ಕೆ, ಅಂದರೆ ಜನರ ಕಷ್ಟಕ್ಕೆ ಹೊಸ ದಾರಿ ಹುಡುಕುವ ಕೆಲಸಕ್ಕೆ, ಬೆಂಬಲ ಕೊಡಬೇಕು ಅಂತ ಅದರ ನಿಯಮದಲ್ಲೇ ಇದೆ. ಅಂಥ ಕೆಲಸದ ಖರ್ಚಿನಲ್ಲಿ ಶೇ 95ರವರೆಗೆ ಒಕ್ಕೂಟವೇ ಕೊಡಬಹುದು, ಒಂದು ಮಿತಿಯೊಳಗೆ. ಆದರೆ ದುಡ್ಡು ಸುರಿದು ಸುಮ್ನೆ ಕೂರಲಿಲ್ಲ. ಈ ಕೆಲಸಕ್ಕೇ ಅಂತ ದೇಶಕ್ಕೊಂದು ಬೆಂಬಲ ಕೇಂದ್ರ ಕಟ್ಟಲು 2021ರಲ್ಲಿ ಆರು ಗುಂಪುಗಳಿಗೆ ನೆರವು ಕೊಟ್ಟರು, ಒಂದೊಂದು ಗುಂಪಿನಲ್ಲೂ ಹಲವು ದೇಶಗಳು. ಒಂದರಲ್ಲಿ ಸ್ಪೇನ್, ಫ್ರಾನ್ಸ್, ಸ್ವೀಡನ್ ಪಕ್ಕದಲ್ಲಿ ಇಪ್ಪತ್ತು ಲಕ್ಷ ಜನವೂ ಇಲ್ಲದ ಲಾಟ್ವಿಯಾ ಕೂತಿತ್ತು. ಈ ಕೇಂದ್ರಗಳನ್ನೆಲ್ಲ ಬೆಸೆಯುವ ಯುರೋಪ್ ಮಟ್ಟದ ಕೇಂದ್ರವನ್ನೂ ಬ್ರಸೆಲ್ಸ್‌ನಲ್ಲಿ ಇಡದೆ ಲಿಥುವೇನಿಯಾದ ಏಜೆನ್ಸಿಯೊಂದಕ್ಕೆ ಒಪ್ಪಿಸಿದರು. ದೊಡ್ಡವರು ಕಲಿಸುವುದು, ಸಣ್ಣವರು ತಲೆಯಾಡಿಸುವುದು ಅನ್ನುವ ಲೆಕ್ಕ ಅಲ್ಲ ಅದು. ಪೋರ್ಚುಗಲ್ಲನ್ನೇ ನೋಡಿ, 2014ರಲ್ಲೇ 15 ಕೋಟಿ ಯೂರೋ ಒಕ್ಕೂಟದ ಹಣ ಇಟ್ಟುಕೊಂಡು ಇಂಥ ಕೆಲಸ ಶುರು ಮಾಡಿತ್ತು.

ನಮ್ಮ ರಾಜ್ಯಗಳೂ ಒಂದೊಂದು ದೇಶದಷ್ಟು ದೊಡ್ಡವೇ ಅಲ್ವಾ? ಅಕ್ಕಪಕ್ಕದವರಿಂದ ಕಲಿತಿಲ್ಲ ಅಂತಲೂ ಅಲ್ಲ. ತಮಿಳುನಾಡಿನಲ್ಲಿ 2013ರಲ್ಲಿ ಅಮ್ಮ ಕ್ಯಾಂಟೀನ್ ಬಂತು, ಇಲ್ಲಿ 2017ರಲ್ಲಿ ಇಂದಿರಾ ಕ್ಯಾಂಟೀನ್ ಬಂತು. ಆದರೆ ಅದು ಬಂದದ್ದು ರಾಜಕೀಯದ ಕಣ್ಣಿಗೆ ಬಿದ್ದದ್ದರಿಂದ. ಓಟು ತರದ ಒಳ್ಳೆ ಕೆಲಸದ ಗತಿ ಏನು? ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಗುಂಪುಗಳ ಯೋಜನೆ ಕುಟುಂಬಶ್ರೀ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ. 1998ರಲ್ಲಿ ಶುರುವಾದದ್ದು, 2012ರಿಂದ ರಾಷ್ಟ್ರೀಯ ಸಂಪನ್ಮೂಲ ಸಂಸ್ಥೆಯಾಗಿ ಬೇರೆ ರಾಜ್ಯಗಳಿಗೆ ಹೋಗಿ ಕಲಿಸುತ್ತಿದೆ. ಹೋಗುವವರು ಪ್ರೊಫೆಸರುಗಳಲ್ಲ, ಸ್ವಸಹಾಯ ಗುಂಪು ನಡೆಸಿ ಪಳಗಿದ ಹೆಂಗಸರು. ನನಗೆ ಯುರೋಪಿನ ಮಾದರಿಗಿಂತ ಇದೇ ಜಾಸ್ತಿ ಇಷ್ಟ.

ಈಗ ನಮ್ಮೂರಿನ ಚಿಂದಿ ಆಯುವವರ ವಿಷಯಕ್ಕೆ ಬನ್ನಿ. ಲೋಕ ಅದಾಲತ್ ಹೇಳಿದ ಮೇಲೆ ಇಲ್ಲಿನ ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಟ್ಟಿತು. ಹಲವು ವಾರ್ಡುಗಳ ಒಣ ಕಸ ಕೇಂದ್ರಗಳನ್ನು ಅವರೇ ನಡೆಸಿ ತೋರಿಸಿದರು. ಇದನ್ನು ನೋಡಲು ಹೊರಗಿನವರು ಬಂದು ಹೋಗುತ್ತಾರೆ. ಆದರೆ ಒಪ್ಪಂದದ ಮಾತು ಬಂದ ಕೂಡಲೇ ಟೆಂಡರ್ ಗುಮ್ಮ ಎದುರಿಗೆ ನಿಲ್ಲುತ್ತದೆ. ಕಡಿಮೆ ದರ ಕೂಗಿದವನಿಗೆ ಕೆಲಸ, ಅಂದರೆ ಎಲ್‌1. ಠೇವಣಿ ಕಟ್ಟುವ ಶಕ್ತಿ, ಮೂರು ವರ್ಷದ ವಹಿವಾಟಿನ ಲೆಕ್ಕ, ಇವೆಲ್ಲ ಚೀಲ ಹೊತ್ತು ಬಂದ ಹೆಂಗಸಿನ ಹತ್ತಿರ ಎಲ್ಲಿಂದ ಬರಬೇಕು? ನಮ್ಮ ರಾಜ್ಯದ ಟೆಂಡರ್ ಕಾನೂನಾದ ಕೆಟಿಪಿಪಿ ಕಾಯ್ದೆಯಲ್ಲಿ, ಟೆಂಡರ್ ಇಲ್ಲದೆ ಕೆಲಸ ಕೊಡಲು 4(ಜಿ) ವಿನಾಯಿತಿ ಇದೆ ನಿಜ, ಅದು ಯಾರ್‍ಯಾರಿಗೆ ಸಿಗುತ್ತದೆ ಅಂತ ನಿಮ್ಮ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಿಲ್ಲ. ಅತ್ತ ಪುಣೆಯಲ್ಲಿ ಚಿಂದಿ ಆಯುವವರದೇ ಆದ 'ಸ್ವಚ್ಛ್' ಸಹಕಾರ ಸಂಘ 2008ರಲ್ಲೇ ಅಲ್ಲಿನ ಪಾಲಿಕೆಯ ಜೊತೆ ನೇರ ಒಪ್ಪಂದ ಮಾಡಿಕೊಂಡಿತು, ಮನೆಯವರೇ ತಿಂಗಳ ಶುಲ್ಕ ಕೊಡುತ್ತಾರೆ. ಆ ಒಪ್ಪಂದ ಹೇಗೆ ಬರೆದರು, ನವೀಕರಣಕ್ಕೆ ಎಷ್ಟು ಒದ್ದಾಡಿದರು, ಎಲ್ಲಿ ಎಡವಿದರು, ಇದನ್ನೆಲ್ಲ ಕೇಳಿ ತಿಳಿದು ನಮ್ಮ ಕಾಯ್ದೆಗೆ ಹೊಂದಿಸಿ ಬರೆಯುವ ಸಂಬಳದ ನೌಕರ ಒಬ್ಬನಾದರೂ ವಿಧಾನಸೌಧದ ಆಸುಪಾಸಿನಲ್ಲಿ ಬೇಕು.

ಸ್ಟಾರ್ಟಪ್‌ಗಳಿಗೆ ನಮ್ಮಲ್ಲಿ ರಾಜ್ಯ ಸರ್ಕಾರದ 'ಎಲಿವೇಟ್' ಯೋಜನೆ ಇದೆ, ಐಐಎಂನಲ್ಲಿ ಹೊಸ ಉದ್ಯಮಗಳಿಗೆ ಆಸರೆಯಾಗುವ ಎನ್‌ಎಸ್‌ಆರ್‌ಸಿಇಎಲ್ ಇದೆ. ಅವು ಕಂಪನಿ, ಸಂಸ್ಥೆ ಬೆಳೆಸುತ್ತವೆ, ಬೆಳೆಸಲಿ. ನಾನು ಕೇಳುತ್ತಿರುವುದು ಬೇರೆ, ಚೆನ್ನಾಗಿ ನಡೆದ ಪ್ರಯೋಗವನ್ನು ಸರ್ಕಾರದೊಳಕ್ಕೆ ದಾಟಿಸುವ ಒಂದು ಬೆಂಬಲ ಕೇಂದ್ರ.

'ಕೇಂದ್ರ' ಅಂದ ಕೂಡಲೇ ಇನ್ನೊಂದು ಕಟ್ಟಡ, ಇನ್ನೊಂದು ಬೋರ್ಡು, ನಿಗಮಕ್ಕೊಬ್ಬ ಅಧ್ಯಕ್ಷ, ಅವರಿಗೊಂದು ಗೂಟದ ಕಾರು ಅಂತ ಜನ ನಗುತ್ತಾರೆ. ನಗುವುದರಲ್ಲಿ ತಪ್ಪೇನಿಲ್ಲ. ಅದಕ್ಕೇ ಕಟ್ಟಡ ಬೇಡ ಅನ್ನುತ್ತೇನೆ. ಯೋಜನಾ ಇಲಾಖೆಯಲ್ಲಿ ಹತ್ತು ಹನ್ನೆರಡು ಜನ ಸಾಕು. ಅವರಲ್ಲಿ ಟೆಂಡರ್ ಕಾನೂನು ಗೊತ್ತಿರುವವರು, ಲೆಕ್ಕಪತ್ರ ಗೊತ್ತಿರುವವರು, ಬೀದಿಯಲ್ಲಿ ಕೆಲಸ ಮಾಡಿದವರು ಇರಲಿ. ಕೇರಳ, ತಮಿಳುನಾಡು, ಮಹಾರಾಷ್ಟ್ರದಲ್ಲೂ ಇಂಥದೇ ತಂಡ ಇದ್ದು, ಯುರೋಪಿನವರ ಹಾಗೆ ಒಟ್ಟಿಗೇ ಶುರು ಮಾಡಿದರೆ ಒಳ್ಳೆಯದು, ಏಕೆಂದರೆ ಜೊತೆಗಾರ ಕೇಳುತ್ತಾನೆ ಅಂದಾಗ ಫೈಲು ಸ್ವಲ್ಪ ಬೇಗ ಓಡುತ್ತದೆ. ಕಾವೇರಿ ನೀರಿಗೆ ಜಗಳ ಆಡುವವರು ಕೆಲಸದ ಅನುಭವ ಹಂಚಿಕೊಳ್ಳಬಾರದು ಅಂತ ಎಲ್ಲೂ ಇಲ್ಲ. ಇನ್ನೊಂದು ಮಾತು, ಸೋತ ಪ್ರಯೋಗಗಳ ರಿಪೋರ್ಟ್ ಕೂಡ ಈ ತಂಡ ಕನ್ನಡದಲ್ಲಿ ಹೊರಗೆ ಹಾಕಬೇಕು. ಈಗ ಗೆದ್ದದ್ದು ಮಾತ್ರ ಫೋಟೋ ಸಮೇತ ಬರುತ್ತದೆ, ಅದೂ ಇಂಗ್ಲಿಷಿನಲ್ಲಿ.

ಬೆಂಗಳೂರಿಗೆ ಒಂದಿದ್ದ ಪಾಲಿಕೆ ಈಗ ಐದಾಗಿದೆ. ಒಣ ಕಸ ಕೇಂದ್ರಗಳ ಒಪ್ಪಂದವನ್ನು ಐದೂ ಕಡೆ ಐದು ರೀತಿ ಬರೆಯುವ ಮೊದಲೇ, ಪುಣೆಯವರನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕರಡು ತಯಾರಿಸಲಿ. ತಂಡದ ಮೊದಲ ಕೆಲಸ ಅದೇ ಆಗಬಹುದು.

ಇತಿ,
ನಿಮ್ಮ ಓದುಗ, ಬಸವನಗುಡಿ, ಬೆಂಗಳೂರು